ಬಾಗಿದ ಬಾಯಿ, ಚಪ್ಪಟೆ ಕಲ್ಲು

ಮೂರು ವರ್ಷ ನಾನು ಬಾಣದ ಅಲಗುಗಳನ್ನು ತಪ್ಪಾಗಿಯೇ ಮಸೆದೆ. ತಪ್ಪೆಂದು ತಿಳಿದದ್ದು ಒಂದು ಜಿಂಕೆಯಿಂದ.

ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ. ಇಲ್ಲಿ ಲೈಸೆನ್ಸ್ ಪಡೆದವರು ಅಕ್ಟೋಬರ್ 1ರಿಂದ ನವೆಂಬರ್ 14ರವರೆಗೆ ಬಿಲ್ಲಿನಿಂದ ಜಿಂಕೆ ಬೇಟೆಯಾಡಬಹುದು. ನಮ್ಮ ತೀರ್ಥಹಳ್ಳಿಯ ಕಡೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿ ಎನ್ನುವುದು ಮುದುಕರ ಜಗಲಿ ಮಾತಿಗಷ್ಟೇ ಉಳಿದಿದೆ, ಅಲ್ಲೇ ಉಳಿಯಲಿ. ನಾನು ಬರೆಯುತ್ತಿರುವುದು ಮಸೆಯುವ ಕೆಲಸದ ಬಗ್ಗೆ.

ಆ ಸಂಜೆ ಹದಿನಾರು ಗಜ ದೂರದಿಂದ ಬಿಟ್ಟ ಬಾಣ ಎರಡು ಬೆರಳಿನಷ್ಟು ಹಿಂದೆ ತಗುಲಿತು. ಅದು ನನ್ನ ಗುರಿಯ ತಪ್ಪು, ಅಲಗಿನ ಮೇಲೆ ಹೊರಿಸುವುದಿಲ್ಲ. ಆದರೆ ರಕ್ತದ ಜಾಡು ಅಷ್ಟು ತೆಳುವಾಗಿರಬಾರದಿತ್ತು. ಒಣಗಿದ ಓಕ್ ಎಲೆಗಳ ಮೇಲೆ ಅಲ್ಲೊಂದು ಇಲ್ಲೊಂದು ಹನಿ. ಟಾರ್ಚ್ ಹಿಡಿದು ಹುಡುಕಿ ಸೋತು ಮನೆಗೆ ಬಂದೆ. ಜಿಂಕೆ ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಬಾಣ ಕೊಲ್ಲುವುದು ಗುಂಡಿನ ಹಾಗೆ ಹೊಡೆತದಿಂದಲ್ಲ, ರಕ್ತ ಹರಿಸಿ. ಹರಿತವಾದ ಬಾಯಿ ರಕ್ತನಾಳವನ್ನು ಸೀಳಿಕೊಂಡು ಹೋಗುತ್ತದೆ. ಮೊಂಡು ಬಾಯಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ, ಇಲ್ಲವೇ ಜಜ್ಜುತ್ತದೆ. ಜಜ್ಜಿದ ಗಾಯದಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಪ್ರಾಣಿ ನರಳುವ ಹೊತ್ತು ಹೆಚ್ಚಾಗುವುದು ಹೀಗೆ.

ಬಾಣವನ್ನು ತೊಳೆದು ಗ್ಯಾರೇಜಿನ ದೀಪದ ಕೆಳಗೆ ಹಿಡಿದೆ. ಇಲ್ಲಿಯವರು ಬ್ರಾಡ್‌ಹೆಡ್ ಎನ್ನುವ ಈ ಅಲಗು ಅರಳಿ ಎಲೆಯನ್ನು ಸಪೂರ ಮಾಡಿದಂತಿರುತ್ತದೆ. ಎರಡು ಬಾಯಿ, ಎರಡೂ ಹೊರಕ್ಕೆ ಬಾಗಿದವು. ಪತ್ರಿಕೆಯ ಹಾಳೆಗೆ ಹಚ್ಚಿ ನೋಡಿದೆ. ಬಾಯಿಯ ನಡುಭಾಗ, ಅಂದರೆ ಹೊಟ್ಟೆ, ಹಾಳೆಯನ್ನು ಸದ್ದಿಲ್ಲದೆ ಸೀಳಿತು. ಮೊನೆಯ ಹತ್ತಿರ ಹಾಳೆ ಮಡಚಿಕೊಂಡಿತು. ಬುಡದ ಹತ್ತಿರ ಹರಿಯಿತು. ಬೇಟೆಗೆ ಮೊದಲು ನಾನು ಪ್ರತಿ ಅಲಗನ್ನೂ ಮುಂಗೈ ಕೂದಲು ಬೋಳಿಸಿ ಪರೀಕ್ಷಿಸಿಯೇ ಇಟ್ಟಿದ್ದೆ. ಎಲ್ಲಿ ಪರೀಕ್ಷಿಸಿದ್ದೆ? ಕೈಗೆ ಸುಲಭವಾಗಿ ಒದಗುವ ಹೊಟ್ಟೆಯಲ್ಲಿ. ಕಲ್ಲು ತಾಗಿದ್ದೂ ಅಲ್ಲೇ, ಪರೀಕ್ಷೆ ನಡೆದದ್ದೂ ಅಲ್ಲೇ. ಪ್ರಶ್ನೆಪತ್ರಿಕೆ ತೆಗೆದವನೇ ಪರೀಕ್ಷೆಗೆ ಕೂತ ಹಾಗಾಯಿತು.

ಅನುಮಾನ ಬಂದು, ಇನ್ನೂ ಮಸೆಯದ ಹೊಸ ಅಲಗೊಂದನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದೆ. ಹಳೆಯದನ್ನು ಅದರ ಮೇಲೆ ಕೂರಿಸಿದೆ. ಹೊಟ್ಟೆಯಲ್ಲಿ ಸುಮಾರು ಒಂದು ಮಿಲಿಮೀಟರ್ ಸವೆದು, ಬಾಗು ಇದ್ದ ಕಡೆ ನೇರ ಗೆರೆಯಾಗಿತ್ತು. ನಾನು ಬಳಸುತ್ತಿದ್ದದ್ದು ಅಲಗನ್ನು ಒಂದೇ ಕೋನದಲ್ಲಿ ಬಿಗಿಹಿಡಿದು ಕಲ್ಲಿನ ಮೇಲೆ ಹಿಂದೆ ಮುಂದೆ ಉರುಳಿಸುವ ಪುಟ್ಟ ಗಾಡಿ. ನೇರ ಬಾಯಿಯ ಅಲಗಿಗೆ ಅದು ಒಳ್ಳೆಯ ಸಾಧನವೇ. ಆದರೆ ಹೊರಬಾಗಿದ ಬಾಯಿಯನ್ನು ಚಪ್ಪಟೆ ಕಲ್ಲಿನ ಮೇಲಿಟ್ಟರೆ ತಾಗುವುದು ಒಂದೇ ಬಿಂದು. ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ ಬಳೆಯ ಹಾಗೆ. ಬಳೆಯನ್ನು ಉರುಳಿಸಿದರೆ ಅದರ ಸುತ್ತೆಲ್ಲ ನೆಲಕ್ಕೆ ತಾಗುತ್ತದೆ, ಉರುಳಿಸದೆ ಎಳೆದಾಡಿದರೆ ಒಂದೇ ಕಡೆ ಸವೆಯುತ್ತದೆ. ಮೂರು ವರ್ಷ ನಾನು ಬಳೆಯನ್ನು ಎಳೆದಾಡಿದ್ದೆ.

ಇಷ್ಟಕ್ಕೂ ಇದು ನನಗೆ ಗೊತ್ತಿರಬೇಕಾದ ವಿಷಯ. ಅಪ್ಪಯ್ಯ ಕುಡುಗೋಲು ಮಸೆಯುವಾಗ ಅದರ ಹಿಡಿಯನ್ನು ಮೊಣಕಾಲಿನ ಸಂದಿಯಲ್ಲಿ ಸಿಕ್ಕಿಸಿಕೊಂಡು, ಅಂಗೈಯಗಲದ ಕಲ್ಲಿನ ಚೂರನ್ನು ಬಾಯಿಯುದ್ದಕ್ಕೂ ಆಡಿಸುತ್ತಿದ್ದರು. ಕುಡುಗೋಲು ಅಲುಗಾಡುತ್ತಿರಲಿಲ್ಲ, ಕಲ್ಲು ಮಾತ್ರ ಬಾಗಿನ ಜೊತೆ ತಿರುಗುತ್ತಾ ಹೋಗುತ್ತಿತ್ತು. ಕುಡುಗೋಲಿನದು ಒಳಬಾಗು, ನನ್ನ ಅಲಗಿನದು ಹೊರಬಾಗು, ಆದರೂ ಕೈಯ ಕೆಲಸ ಒಂದೇ. ಒಳಬಾಗಿನ ಬಾಯಿಯಿರುವ ಬ್ರಾಡ್‌ಹೆಡ್‌ಗಳೂ ಸಿಗುತ್ತವೆ. ಅವಕ್ಕೆ ಚಪ್ಪಟೆ ಕಲ್ಲು ಸೇತುವೆಯ ಹಾಗೆ ಎರಡು ತುದಿಗಳ ಮೇಲೆ ಕೂರುತ್ತದೆಯೇ ಹೊರತು ನಡುವೆ ತಾಗುವುದೇ ಇಲ್ಲ. ಅರೆದುಂಡನೆಯ ಅರ ಬೇಕು, ಇಲ್ಲವೇ ದುಂಡು ಕೋಲಿಗೆ ಸುತ್ತಿದ ಉಪ್ಪುಕಾಗದ.

ಈಗ ನಾನು ಮಾಡುವುದು ಹೀಗೆ. ಮುರಿದ ಬಾಣವೊಂದರ ಒಂದು ಗೇಣು ತುಂಡಿಗೆ ಅಲಗನ್ನು ತಿರುಪಿ ಕೂರಿಸುತ್ತೇನೆ. ತುಂಡನ್ನು ಮೇಜಿಗೆ ಕೂರಿಸಿದ ಇಕ್ಕಳದಂಥ ವೈಸ್‌ನಲ್ಲಿ ಬಿಗಿದು ಅಲಗು ಮೇಜಿನಾಚೆ ಚಾಚಿಕೊಂಡಿರುವಂತೆ ಮಾಡುತ್ತೇನೆ. ಎಡಗೈಗೆ ಚರ್ಮದ ಗವಸು. ಇದನ್ನು ಹಾಕದೆ, ಅಲಗನ್ನು ಬರಿ ಬೆರಳಲ್ಲಿ ತಿರುಪಿ ಬಿಚ್ಚಲು ಹೋಗಿ ಒಮ್ಮೆ ಮೂರು ಹೊಲಿಗೆ ಹಾಕಿಸಿಕೊಂಡಿದ್ದೇನೆ. ಅಷ್ಟು ಹರಿತ ಮಾಡಿದ್ದೆನಲ್ಲ ಎಂಬ ಸಣ್ಣ ಹೆಮ್ಮೆಯೂ ಆಗಿತ್ತು, ಹೆಂಡತಿಗೆ ಹೇಳಲಿಲ್ಲ.

ಬಾಯಿಯ ಇಳಿಜಾರಿನ ಮೇಲೆ ಮೊನೆಯಿಂದ ಬುಡದವರೆಗೆ ಕಪ್ಪು ಮಾರ್ಕರ್ ಬಳಿಯುತ್ತೇನೆ. ಕೋನಕ್ಕೆ ಕಾಗದದ ಚೌಕದ ಒಂದು ಮೂಲೆಯನ್ನು ಎರಡು ಸಲ ಸರಿಯಾಗಿ ಮಡಚಿದರೆ ಸಾಕು. ತೊಂಬತ್ತು ಡಿಗ್ರಿ ನಲವತ್ತೈದಾಗಿ, ಮತ್ತೆ ಇಪ್ಪತ್ತೆರಡೂವರೆಯಾಗುತ್ತದೆ. ಅದನ್ನು ಅಲಗಿನ ಪಕ್ಕ ಹಿಡಿದು ಅರವನ್ನು ಅಷ್ಟೇ ಓರೆಯಾಗಿಸಿ, ಬುಡದಿಂದ ಮೊನೆಯ ಕಡೆಗೆ ಒಂದೇ ಒಂದು ಸಲ ತಳ್ಳುತ್ತೇನೆ, ಮಣಿಕಟ್ಟನ್ನು ಬಾಗಿನ ಜೊತೆ ತಿರುಗಿಸುತ್ತಾ. ನಿಂತು ನೋಡುತ್ತೇನೆ. ಬಾಯಿಯ ತುದಿಯಲ್ಲಿ ಕಪ್ಪು ಉಳಿದು ಹಿಂದೆ ಅಳಿಸಿದ್ದರೆ ಅರ ತೀರಾ ಮಲಗಿದೆ, ತುದಿಯಲ್ಲಷ್ಟೇ ಅಳಿಸಿದ್ದರೆ ತೀರಾ ಎದ್ದಿದೆ. ಮೊನೆಯ ಕಡೆ ಕಪ್ಪು ಹಾಗೇ ಇದ್ದರೆ ಮಣಿಕಟ್ಟು ತಿರುಗಿಲ್ಲ. ಮೊದಮೊದಲು ನನ್ನ ಕೈ ಮೊನೆಯಿಂದ ಅರ್ಧ ಇಂಚು ಹಿಂದೆಯೇ ಸೋಮಾರಿಯಾಗುತ್ತಿತ್ತು. ಮಾರ್ಕರ್ ಇಲ್ಲದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ.

ಅರ ಕೊರೆಯುವುದು ತಳ್ಳುವಾಗ ಮಾತ್ರ. ಹಿಂದಕ್ಕೆ ತರುವಾಗ ಎತ್ತಬೇಕು, ಇಲ್ಲದಿದ್ದರೆ ಅರದ ಹಲ್ಲೇ ಮೊಂಡಾಗುತ್ತದೆ. ಹಲ್ಲುಗಳ ಸಂದಿಗೆ ಸೀಮೆಸುಣ್ಣ ತಿಕ್ಕಿಟ್ಟರೆ ಕಬ್ಬಿಣದ ಪುಡಿ ಸಿಕ್ಕಿಕೊಳ್ಳುವುದಿಲ್ಲ.

ಎರಡು ಬಾಯಿ, ಬಾಯಿಗೆ ಎರಡು ಮೈ, ಒಟ್ಟು ನಾಲ್ಕು ಮೈ. ಒಂದಕ್ಕೆ ಹತ್ತು ತಳ್ಳಿದರೆ ಎಲ್ಲಕ್ಕೂ ಹತ್ತೇ. ಲೆಕ್ಕ ತಪ್ಪಿದರೆ ಅಲಗು ಒಂದು ಮಗ್ಗುಲಿಗೆ ಕಿರಿದಾಗಿ ಬಾಣ ಗಾಳಿಯಲ್ಲಿ ಅಡ್ಡ ಸರಿಯುತ್ತದೆ. ತೂಕವನ್ನೂ ನೋಡುತ್ತೇನೆ. ನನ್ನವು 125 ಗ್ರೇನ್, ಅಂದರೆ ಎಂಟು ಗ್ರಾಂಗಿಂತ ಕೂದಲೆಳೆಯಷ್ಟು ಹೆಚ್ಚು. ನಮ್ಮ ಲೆಕ್ಕದಲ್ಲಿ ಒಂದು ಪವನು. ಅಮ್ಮನಿಗೆ ಫೋನಿನಲ್ಲಿ ಹೀಗೆ ಹೇಳಿದಾಗ, "ಪವನು ತೂಕದ ಕಬ್ಬಿಣಕ್ಕೆ ಇಷ್ಟು ಸೇವೆಯೇನೋ, ಅಷ್ಟೇ ತೂಕದ ಚಿನ್ನ ಕೊಂಡಿದ್ದರೆ ಮಗಳಿಗಾಗುತ್ತಿತ್ತು" ಎಂದರು. ಮಿಶಿಗನ್‌ನ ನಿಯಮದಂತೆ ಬ್ರಾಡ್‌ಹೆಡ್‌ನ ಅಗಲ ಕನಿಷ್ಠ 7/8 ಇಂಚು ಇರಬೇಕು. ಕಿರಿದಾದ ಅಲಗನ್ನು ವರ್ಷವರ್ಷವೂ ಅರಕ್ಕೆ ಕೊಡುವವರು ಆಗಾಗ ಅಳೆದುಕೊಳ್ಳುವುದು ಒಳ್ಳೆಯದು.

ಬಾಯಿಯ ಆಚೆ ಮೈಯಲ್ಲಿ ಉಗುರಿಗೆ ಸಿಕ್ಕುವಂಥ ಸಣ್ಣ ಮುಳ್ಳಂಚು ಏಳಬೇಕು, ಅದೂ ಮೊನೆಯಿಂದ ಬುಡದವರೆಗೆ ಎಲ್ಲೂ ಕಡಿಯದೆ. ಅದು ಎದ್ದ ಮೇಲೆ ಅರ ಬಿಟ್ಟು, ವಜ್ರದ ಪುಡಿ ಕೂರಿಸಿದ ಬೆರಳಗಲದ ನುಣುಪು ಪಟ್ಟಿಯನ್ನು ಹಗುರವಾಗಿ ಆಡಿಸುತ್ತೇನೆ. ಮೊನೆಯ ಕೊನೆಯ ಎರಡು ಮಿಲಿಮೀಟರಿಗೆ ಮಾತ್ರ ಪಟ್ಟಿಯನ್ನು ಇನ್ನಷ್ಟು ಎತ್ತಿ ಹಿಡಿದು ದಪ್ಪ ಉಳಿಸುತ್ತೇನೆ. ಸೂಜಿಯಂತಹ ಮೊನೆ ನೋಡಲು ಚೆಂದ, ಪಕ್ಕೆಲುಬಿಗೆ ತಾಗಿದರೆ ಸುರುಳಿಯಾಗುತ್ತದೆ.

ಅರದ ಒರಟು ಬಾಯಿಯೇ ಗರಗಸದ ಹಾಗೆ ಚೆನ್ನಾಗಿ ಕೊಯ್ಯುತ್ತದೆ, ಅಲ್ಲಿಗೇ ನಿಲ್ಲಿಸಿ ಎನ್ನುವ ಹಳಬರಿದ್ದಾರೆ. ನಾನು ಎರಡನ್ನೂ ಮಾಡಿ ನೋಡಿ ನುಣುಪಿನ ಪಕ್ಷಕ್ಕೆ ಸೇರಿದವನು. ನಮ್ಮ ಕೊಟ್ಟಿಗೆಯ ಪಕ್ಕದಲ್ಲಿ ಮಸೆಯುವ ಮರವೊಂದಿತ್ತು. ಬೆಣಚುಕಲ್ಲಿನ ಪುಡಿ ಉದುರಿಸಿ ಕತ್ತಿ ತಿಕ್ಕಿ ತಿಕ್ಕಿ ನಡುವೆ ದೋಣಿಯಂತೆ ಸವೆದಿತ್ತು. ಬಾಗುಕತ್ತಿಯ ಹೊರಬಾಗು ಆ ದೋಣಿಯಲ್ಲಿ ತಾನಾಗಿ ಕೂರುತ್ತಿತ್ತು. ಇಲ್ಲಿ ಅಂಥ ಮರವಿಲ್ಲ. ಹಳೆಯ ಸೊಂಟಪಟ್ಟಿಯ ತುಂಡಿಗೆ ಹಸಿರು ಪಾಲಿಶ್ ಬಳಿದು, ಒಂದು ಬೆರಳಷ್ಟು ತಗ್ಗಿರುವ ಹಲಗೆಯ ಮೇಲೆ ಸಡಿಲವಾಗಿ ಮೊಳೆ ಹೊಡೆದಿದ್ದೇನೆ. ವೈಸ್‌ನಿಂದ ಬಿಚ್ಚಿದ ಅಲಗನ್ನು ಅದರ ಮೇಲೆ ಬಾಯಿ ಹಿಂದಾಗಿ, ಮೈಗೆ ಎಂಟು ಸಲ ಎಳೆಯುತ್ತೇನೆ. ಚರ್ಮ ಸ್ವಲ್ಪ ತಗ್ಗಿ ಬಾಗನ್ನು ತಬ್ಬಿಕೊಳ್ಳುತ್ತದೆ, ಕೈಯ ಸಣ್ಣ ತಪ್ಪನ್ನು ಮನ್ನಿಸುತ್ತದೆ. ಆದರೆ ಒತ್ತಿದರೆ ಅದೇ ಚರ್ಮ ಉಬ್ಬಿ ಬಾಯಿಯನ್ನು ಉರುಟು ಮಾಡುತ್ತದೆ.

ಕೂದಲು ಬೋಳಿಸುವ ಪರೀಕ್ಷೆ ಬಿಟ್ಟಿದ್ದೇನೆ. ಮೇಜಿಗೆ ಹೊಡೆದ ಎರಡು ಮೊಳೆಗಳಿಗೆ ರಬ್ಬರ್ ಬ್ಯಾಂಡ್ ಬಿಗಿದು, ಮೊನೆಯ ಹತ್ತಿರ ಒಮ್ಮೆ, ಹೊಟ್ಟೆಯಲ್ಲಿ ಒಮ್ಮೆ, ಬುಡದಲ್ಲಿ ಒಮ್ಮೆ ಬಾಯಿ ತಾಗಿಸುತ್ತೇನೆ. ಮುಟ್ಟಿದೊಡನೆ ಟಪ್ ಎಂದು ತುಂಡಾಗಬೇಕು. ರಬ್ಬರ್ ಒಂದಿಷ್ಟು ಜಗ್ಗಿ ಆಮೇಲೆ ಹರಿದರೆ ಆ ಜಾಗಕ್ಕೆ ಮತ್ತೆ ಮಾರ್ಕರ್. ಅಲಗೊಂದಕ್ಕೆ ಆರು ರಬ್ಬರ್ ಬ್ಯಾಂಡ್ ಖರ್ಚು. ಮಗಳು ತನ್ನ ಜಡೆಯವನ್ನು ಈಗ ಬಚ್ಚಿಡುತ್ತಾಳೆ.

ಕಾರ್ಬನ್ ಉಕ್ಕಾದ್ದರಿಂದ ಬಾಯಿಗೆ ವ್ಯಾಸಲೀನ್ ಸವರಿ ಬತ್ತಳಿಕೆಗೆ ಹಾಕುತ್ತೇನೆ. ಬತ್ತಳಿಕೆಯ ಒಳಗಿನ ಫೋಮ್ ಮೆತ್ತಗೆ ಕಂಡರೂ, ದಿನಕ್ಕೆ ನಾಲ್ಕು ಸಲ ಬಾಣ ಹಾಕಿ ತೆಗೆದರೆ ವಾರದಲ್ಲಿ ಬಾಯಿ ಸಾಯುತ್ತದೆ. ಹಾಗಾಗಿ ಶನಿವಾರ ರಾತ್ರಿ ಎಲ್ಲವನ್ನೂ ಹೊರತೆಗೆದು ಮತ್ತೆ ಸೊಂಟಪಟ್ಟಿಗೆ ಎಳೆಯುತ್ತೇನೆ. ಆ ಜಿಂಕೆಯ ಅಲಗು ಮಾತ್ರ ಬತ್ತಳಿಕೆಗೆ ಹೋಗುವುದಿಲ್ಲ. ಹೊಟ್ಟೆ ಚಪ್ಪಟೆಯಾದದ್ದು ವೈಸ್‌ನ ಪಕ್ಕದ ಮೊಳೆಗೆ ನೇತಾಡುತ್ತಿದೆ, ಅದರ ಹಿಂದೆ ಪೆನ್ಸಿಲ್ ಗೆರೆಯ ಆ ಕಾಗದ.