ಎದುರಿನವರ ಬಗ್ಗೆ ಅಂದುಕೊಂಡಿದ್ದನ್ನು ಪರೀಕ್ಷಿಸಿಕೊಳ್ಳುವ ಬಗೆ

ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ನು, ಹತ್ತು ನಿಮಿಷ. ಮನಸ್ಸಿನಲ್ಲೇ ಯೋಚಿಸಿದರೆ ಸಾಲದು. ನಾವು ಊಹಿಸಿದ್ದು ನಮಗೆ ಊಹೆಯಂತೆ ಕಾಣುವುದಿಲ್ಲ, ಕಣ್ಣಾರೆ ಕಂಡಷ್ಟೇ ಗಟ್ಟಿಯಾಗಿರುತ್ತದೆ. ಬರೆದಾಗಲೇ ಎರಡೂ ಬೇರೆಯಾಗುವುದು.

ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ, ಮೊಬೈಲ್ ಕ್ಯಾಮೆರಾಕ್ಕೆ ಸಿಗಬಹುದಾಗಿದ್ದಷ್ಟನ್ನೇ ಬರೆಯಿರಿ. ಬಲಗಡೆ, ನಿಮಗೆ ಅನ್ನಿಸಿದ್ದು. ಮಂಡ್ಯ ಕಡೆಯ ಒಂದು ಸಂಗತಿ ತೆಗೆದುಕೊಳ್ಳೋಣ. ಕಟ್ಟು ನೀರಿನ, ಅಂದರೆ ನಾಲೆಯಲ್ಲಿ ಸರದಿಯಂತೆ ಬಿಡುವ ನೀರಿನ, ಸರದಿ ಬಂದಿದೆ, ನಾಲೆಯ ಕೊನೆಯ ಗದ್ದೆಗೆ ನೀರಿಲ್ಲ, ಮೇಲಿನ ಗದ್ದೆ ತುಂಬಿದೆ. ಎಡಗಡೆ ಬರುವುದು ಇಷ್ಟೇ. "ಬೇಕಂತ್ಲೇ ತಿರುಗುಸ್ಕಂಡವ್ನೆ" ಎಂಬುದು ಬಲಗಡೆಯದು. "ಬೇಕಂತಲೇ" ಎನ್ನುವುದನ್ನು ಯಾರೂ ನೋಡಿಲ್ಲ.

ಹೆಚ್ಚಿನವರು ಎಡವುವುದು ಇಲ್ಲೇ. "ಸಿಡುಕಿದರು", "ಕಡೆಗಣಿಸಿದರು" ಎಂದು ಎಡಗಡೆ ಬರೆದುಬಿಡುತ್ತಾರೆ. ಅವು ನೋಟವಲ್ಲ, ತೀರ್ಪು. "ನಮಸ್ಕಾರ ಅಂದೆ, ಉತ್ತರ ಬರಲಿಲ್ಲ" ಎಂದು ಬರೆದರೆ ಸರಿ.

ಆಮೇಲೆ ಬಲಗಡೆ, ನಿಮ್ಮ ಊಹೆಯ ಕೆಳಗೆ, ಕನಿಷ್ಠ ಮೂರು ಬೇರೆ ಕಾರಣ ಬರೆಯಿರಿ. ಅವುಗಳಲ್ಲಿ ಎರಡಾದರೂ ವ್ಯಕ್ತಿಯ ಸ್ವಭಾವಕ್ಕಲ್ಲ, ಸಂದರ್ಭಕ್ಕೆ ಸೇರಿರಬೇಕು. ತೂಬಿಗೆ ಕಸ ಕಟ್ಟಿರಬಹುದು. ಮೇಲಿನವರ ಬದು ಒಡೆದು ನೀರು ತಾನಾಗಿ ನುಗ್ಗಿರಬಹುದು. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಸರದಿ ಬದಲಿಸಿರಬಹುದು. ಮೂರನೆಯದು ಹೊಳೆಯುವುದು ಕಷ್ಟ, ಆದರೂ ಬಿಡಬೇಡಿ. ಮೊದಲ ಊಹೆಯ ಹಿಡಿತ ಸಡಿಲವಾಗುವುದು ಆಗಲೇ.

ಸಂದರ್ಭಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಬೇರೆಯವರ ತಪ್ಪಿಗೆ ಅವರ ಗುಣವನ್ನೇ ಹೊಣೆ ಮಾಡಿ, ಅವರಿದ್ದ ಪರಿಸ್ಥಿತಿಯನ್ನು ಮರೆಯುವ ಈ ಚಾಳಿಗೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಒಂದು ಹೆಸರನ್ನೇ ಕೊಟ್ಟರು. 1984ರಲ್ಲಿ ಜೋನ್ ಮಿಲ್ಲರ್ ಪ್ರಕಟಿಸಿದ ಅಧ್ಯಯನ ನಮ್ಮ ಮೈಸೂರಿನವರನ್ನು ಶಿಕಾಗೋದವರೊಂದಿಗೆ ಹೋಲಿಸಿತ್ತು. ಶಿಕಾಗೋದ ದೊಡ್ಡವರು ಸ್ವಭಾವದ ಕಡೆ ಹೆಚ್ಚು ಬೆರಳು ತೋರಿದರು, ಮೈಸೂರಿನ ದೊಡ್ಡವರು ಸಂದರ್ಭವನ್ನು ಹೆಚ್ಚು ಹೇಳಿದರು. ಎಂಟು ವರ್ಷದ ಮಕ್ಕಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಇರಲಿಲ್ಲ, ವಯಸ್ಸಾದಂತೆ ಬೆಳೆದಿತ್ತು. ಅಂದರೆ ಇದು ಬೆಳೆಯುತ್ತಾ ಕಲಿತದ್ದು. ಹಾಗಂತ ನಾವು ಊಹೆಗಳಿಂದ ಪಾರಾದೆವು ಎಂದೇನೂ ಅಲ್ಲ.

ಊಹೆ ತಲೆಯೊಳಗೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಅದು ನಮ್ಮ ದನಿಗೆ ಇಳಿಯುತ್ತದೆ, ಅಲ್ಲಿಂದ ಎದುರಿನವರ ನಡತೆಗೂ ದಾಟುತ್ತದೆ. 1977ರಲ್ಲಿ ಅಮೆರಿಕದಲ್ಲಿ ಮಾರ್ಕ್ ಸ್ನೈಡರ್ ಮತ್ತು ಸಂಗಡಿಗರು ಗಂಡಸರಿಗೆ ಒಂದೊಂದು ಫೋಟೊ ಕೊಟ್ಟು, ಹೆಂಗಸರೊಂದಿಗೆ ಫೋನಿನಲ್ಲಿ ಮಾತಾಡಿಸಿದರು. ಫೋಟೊ ಆ ಹೆಂಗಸಿನದಲ್ಲ, ಆಕೆಗೆ ಅದರ ಸುದ್ದಿಯೂ ಗೊತ್ತಿಲ್ಲ. ಆದರೂ ಯಾರನ್ನು ಚೆಲುವೆ ಎಂದು ನಂಬಿ ಮಾತಾಡಿದರೋ ಅವರ ದನಿಯೇ ಹೆಚ್ಚು ಸ್ನೇಹದಿಂದ ಕೂಡಿತ್ತು. ಮೈಸೂರಿನ ಆಫೀಸಿಗೆ ಮಂಡ್ಯದ ಹುಡುಗ ಸೇರಿ "ಬುಡಿ ಸಾ, ಆಯ್ತದೆ" ಅಂದರೆ ಒರಟ ಎಂದುಕೊಳ್ಳುವವರು ಇದ್ದಾರೆ. ಅವನೊಡನೆ ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ಅವನೂ ಎರಡೇ ಮಾತಾಡುತ್ತಾನೆ. ಊಹೆಗೆ ಸಾಕ್ಷಿ ಸಿಕ್ಕಿತು, ಒದಗಿಸಿದ್ದು ಮಾತ್ರ ಇವರೇ.

ಇದನ್ನು ಮುರಿಯಲು ಒಬ್ಬರನ್ನು ಆರಿಸಿಕೊಂಡು ಒಂದು ವಾರ ನಿಮ್ಮ ಒಂದೇ ನಡತೆ ಬದಲಿಸಿ. ನೀವೇ ಮೊದಲು ಮಾತಾಡಿಸಿ, ಅವರು ಮುಗಿಸುವವರೆಗೆ ಬಾಯಿ ಹಾಕಬೇಡಿ. ಶುರು ಮಾಡುವ ಮುಂಚೆಯೇ "ಏನು ಕಂಡರೆ ನನ್ನ ಅನಿಸಿಕೆ ತಪ್ಪು ಎಂದು ಒಪ್ಪುತ್ತೇನೆ" ಎಂಬುದನ್ನು ಬರೆದಿಡಿ. ಬರೆಯದಿದ್ದರೆ ನಕ್ಕರೂ ನಾಟಕ, ನಗದಿದ್ದರೂ ಜಂಬ ಎಂದು ಓದಿಕೊಳ್ಳುತ್ತೀರಿ.

ಕೊನೆಗೆ ಕೇಳಲೇಬೇಕು. "ಯಾಕಿಂಗ್ ಮಾಡ್ದೆ?" ಎಂದರೆ ಸಮರ್ಥನೆ ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ. ಎಡಗಡೆ ಬರೆದದ್ದನ್ನೇ ಹೇಳಿ: "ಅಣ್ಣ, ನಮ್ ಗದ್ದೆಗೆ ನೀರು ಬಂದಿಲ್ಲ. ನಿಮ್ಗೆ ಎಷ್ಟೊತ್ತಿಗೆ ಬಂತು?" ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಬೇಡ, ಬದುವಿನ ಮೇಲೆ ಒಬ್ಬರೇ ಸಿಕ್ಕಾಗ ಕೇಳಿ.

"ಪಾಪ, ಏನೋ ಕಷ್ಟ ಇರ್ಬೇಕು" ಎಂದುಕೊಂಡು ಕೇಳದೆ ಸುಮ್ಮನಾಗುವುದೂ ಊಹೆಯೇ. ಒಳ್ಳೆಯ ಊಹೆ ಎಂದಮಾತ್ರಕ್ಕೆ ನಿಜವಾಗುವುದಿಲ್ಲ. ಬೇರೆ ಕಾರಣಗಳೆಲ್ಲ ಸುಳ್ಳಾಗಿ, ಸತತ ಮೂರು ಸರದಿ ಅದೇ ನಡೆದರೆ ನಿಮ್ಮ ಮೊದಲ ಅನಿಸಿಕೆಯೇ ಸರಿಯಿರಬಹುದು. ಆಗ ದಿನಾಂಕ, ಹೊತ್ತು ಸಮೇತ ಎಡಗಡೆ ಬರೆದದ್ದೇ ದೂರಿನ ಅರ್ಜಿಗೆ ಸಾಕಾಗುತ್ತದೆ. ಬೆದರಿಕೆ, ಹೊಡೆತ ಇರುವ ಕಡೆ ಮಾತ್ರ ಈ ಪರೀಕ್ಷೆಗೆ ಕೂರಬೇಡಿ, ಮೊದಲು ಅಲ್ಲಿಂದ ಹೊರಟು ನೆರವು ಕೇಳಿ.