"ಬಾಡಿಗೆ ಬಂತಾ?" ಎಂದಷ್ಟೇ ಕೇಳುತ್ತಿದ್ದೆವು

ಮಂಗಳೂರು ಪೇಟೆಯಿಂದ ಸ್ವಲ್ಪ ಹೊರಗಿರುವ ಒಂದು ಪುರಸಭೆಯಲ್ಲಿ ನಾನು ಐದು ವರ್ಷ ಸದಸ್ಯೆಯಾಗಿದ್ದೆ. ಊರಿನ ಹೆಸರು ಬೇಡ. ನಮ್ಮಲ್ಲಿ ಜನರ ತೆರಿಗೆ ಹಣದಲ್ಲಿ ಕಟ್ಟಿದ ಒಂದು ಈಜುಕೊಳ ಇದೆ. ಜೊತೆಗೆ ಚಿಕ್ಕ ಜಿಮ್, ಎರಡು ಶಟಲ್ ಕೋರ್ಟ್. ನಡೆಸುವುದು ಖಾಸಗಿ ಗುತ್ತಿಗೆದಾರರು. ತಿಂಗಳ ಸಾಮಾನ್ಯ ಸಭೆಯಲ್ಲಿ ಕೊಳದ ವಿಷಯ ಬಂದರೆ ನಾವು ಕೇಳುತ್ತಿದ್ದದ್ದು ಒಂದೇ ಮಾತು: "ಬಾಡಿಗೆ ಬಂತಾ?" ಬಂದಿದೆ ಎಂದು ಮುಖ್ಯಾಧಿಕಾರಿ ಹೇಳುತ್ತಿದ್ದರು. ಅಲ್ಲಿಗೆ ಮುಂದಿನ ವಿಷಯ. ಮೂರು ವರ್ಷ ನಾನೂ ಹಾಗೆಯೇ ಕೂತಿದ್ದೆ.

ಒಂದು ದಿನ ನನ್ನ ವಾರ್ಡಿನ, ಬೀಡಿ ಕಟ್ಟುವ ಹೆಂಗಸೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. "ಅಕ್ಕ, ಕೊಳ ನಮ್ಮದೇ ಅಲ್ವಾ? ಟಿಕೆಟಿಗೆ ದುಡ್ಡು ತಗೊಂಡು ಹೋಗಿದ್ದೆ. ಬ್ಯಾಚ್ ಫುಲ್ ಉಂಟು ಅಂತ ಗೇಟಿನಲ್ಲೇ ವಾಪಸ್ ಕಳಿಸಿದ್ರು." ಹುಡುಗಿ ಸರಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ಅವರ ಮನೆಯ ಹಿಂದೆಯೇ ಹೊಳೆ. ನೇತ್ರಾವತಿ, ಫಲ್ಗುಣಿ, ಅದಕ್ಕೆ ಸೇರುವ ತೋಡುಗಳು, ಆಚೆ ಸಮುದ್ರ. ನಮ್ಮ ಮಕ್ಕಳ ಸುತ್ತ ನೀರೇ ನೀರು. ಸ್ನಾನಕ್ಕೆ, ಆಟಕ್ಕೆ ಇಳಿದವರು ಮೇಲೆ ಬರಲಿಲ್ಲ ಎಂಬ ಸುದ್ದಿ ಎಷ್ಟು ಸಲ ಓದಿಲ್ಲ? ಈಜು ಇಲ್ಲಿ ದುಡ್ಡಿದ್ದವರ ಹವ್ಯಾಸ ಆಗಬಾರದು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಕಚೇರಿಗೆ ಹೋಗಿ ವಿಷಯ ನಿರ್ವಾಹಕರ ಹತ್ತಿರ ಕೊಳದ ಕಡತ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಕಪಾಟಿನ ಮೇಲಿಂದ ಇಳಿಸಿ ಧೂಳು ಕೊಡವಿ ಕೊಟ್ಟರು. "ಇದನ್ನು ಕೇಳಿದ ಮೊದಲ ಸದಸ್ಯರು ನೀವೇ ಮೇಡಂ" ಎಂದರು.

ಕರಾರು ಪತ್ರವನ್ನು ಎರಡು ರಾತ್ರಿ ಕೂತು ಓದಿದೆ. ನಮಗೆ ಬೇಕಾದದ್ದು ಹೆಚ್ಚು ಕಡಿಮೆ ಎಲ್ಲವೂ ಅದರಲ್ಲಿತ್ತು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಟಿಕೆಟ್ ಪಡೆದು ಬರುವ ಸಾಮಾನ್ಯ ಜನರಿಗೆ ಮೀಸಲು. ವಾರಕ್ಕೆ ಒಂದು ದಿನ ಸರಕಾರಿ ಶಾಲೆ ಮಕ್ಕಳಿಗೆ ಉಚಿತ. ಪುರಸಭೆಯ ಒಪ್ಪಿಗೆ ಇಲ್ಲದೆ ದರ ಏರಿಸುವಂತಿಲ್ಲ. ನೀರಿನ ಪರೀಕ್ಷೆಯ ಪುಸ್ತಕ ಇಡಬೇಕು, ಪ್ರತಿ ತಿಂಗಳು ವರದಿ ಕೊಡಬೇಕು. ಆ ವರದಿ ಒಂದೂ ಕಡತದಲ್ಲಿ ಇರಲಿಲ್ಲ. ಅವರು ಕೊಟ್ಟಿರಲಿಲ್ಲ, ನಾವು ಕೇಳಿರಲಿಲ್ಲ. ಕೊಡದಿದ್ದರೆ ಏನು ಎಂಬುದರ ಬಗ್ಗೆ ಪತ್ರದಲ್ಲಿ ಒಂದಕ್ಷರವೂ ಇಲ್ಲ. ದಂಡವೇ ಬರೆಯದ ಷರತ್ತಿಗೆ ಬಲ ಕಡಿಮೆ. ಅದು ನನಗೆ ಆವಾಗ ಅರ್ಥವಾಯಿತು.

ಕೂಡಲೇ ಸಭೆಯಲ್ಲಿ ಎದ್ದು ಕೂಗಾಡಬಹುದಿತ್ತು. ಅದರ ಬದಲು ಒಂದು ವಾರ ನೋಟ್‌ಬುಕ್ ಹಿಡಿದು ಕೊಳದ ಕಟ್ಟೆ ಮೇಲೆ ಕೂತೆ. ಬೆಳಿಗ್ಗೆ 6ರಿಂದ 9, ಸಂಜೆ 4ರಿಂದ 7. ಯಾವ ಗಂಟೆಯಲ್ಲಿ ಯಾರು ನೀರಿನಲ್ಲಿದ್ದಾರೆ, ಎಷ್ಟು ಜನ, ಜೀವರಕ್ಷಕ ಕುರ್ಚಿಯಲ್ಲಿ ಇದ್ದಾರಾ ಅಂತ ಸುಮ್ನೆ ಬರೆದುಕೊಂಡೆ. ಏಳು ದಿನವೂ ಒಂದೇ ಚಿತ್ರ. ಜನರಿಗೆ ಮೀಸಲಾದ ಎರಡೂ ಗಂಟೆಗಳಲ್ಲಿ ಕೋಚಿಂಗ್ ಬ್ಯಾಚ್ ನಡೆಯುತ್ತಿತ್ತು. ಟಿಕೆಟಿನವರಿಗೆ ಮಟಮಟ ಮಧ್ಯಾಹ್ನದ ಹೊತ್ತು. ನಮ್ಮೂರ ಬಿಸಿಲಿಗೆ ಆ ಹೊತ್ತಿನಲ್ಲಿ ಯಾರು ಬರ್ತಾರೆ?

ನೀರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕೊಳ 25 ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲ. ಸರಾಸರಿ ಒಂದೂವರೆ ಮೀಟರ್ ಆಳ ಹಿಡಿದರೂ 4 ಲಕ್ಷ 60 ಸಾವಿರ ಲೀಟರಿಗಿಂತ ಜಾಸ್ತಿ ನೀರು. ಇದನ್ನು ದಿನಾ ಚೆಲ್ಲಿ ತುಂಬಿಸಲು ಆಗುವುದಿಲ್ಲ. ಮರಳಿನ ಫಿಲ್ಟರಿನಲ್ಲಿ ಸೋಸಿ, ಕ್ಲೋರಿನ್ ಹಾಕಿ ಅದನ್ನೇ ಮತ್ತೆ ಬಿಡುತ್ತಾರೆ. ಬಿಡಿ ಕ್ಲೋರಿನ್, ಅಂದರೆ ರೋಗಾಣು ಕೊಲ್ಲಲು ನೀರಿನಲ್ಲಿ ಇನ್ನೂ ಉಳಿದಿರುವ ಕ್ಲೋರಿನ್, ಸಾಮಾನ್ಯವಾಗಿ 1ರಿಂದ 3 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಇಷ್ಟು ಪಾಲು ಎಂಬ ಲೆಕ್ಕ), ನೀರಿನ ಹುಳಿ-ಕ್ಷಾರ ತೋರಿಸುವ ಪಿಎಚ್ 7.2ರಿಂದ 7.8 ಇದ್ದರೆ ಒಳ್ಳೆಯದು. ಬಿಸಿಲಿಗೆ ಕ್ಲೋರಿನ್ ಬೇಗ ಕರಗಿ ಹೋಗುತ್ತದೆ. ಹಾಗಾಗಿ ಬೆಳಿಗ್ಗೆ ಒಂದು ಸಲ ನೋಡಿದರೆ ಸಾಲದು. ಸಂಜೆ ಮಕ್ಕಳು ಇಳಿಯುವ ಮೊದಲು ಇನ್ನೊಮ್ಮೆ ನೋಡಬೇಕು. ಇನ್ನೊಂದು ತಪ್ಪು ತಿಳುವಳಿಕೆ ನನಗೂ ಇತ್ತು. ಕೊಳದ ಹತ್ತಿರ ಕಣ್ಣು ಉರಿಯುವ ಘಾಟು ಬಂದರೆ ಕ್ಲೋರಿನ್ ಜಾಸ್ತಿ ಆಗಿದೆ ಅಂದುಕೊಳ್ಳುತ್ತೇವೆ. ನಿಜವಾಗಿ ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನಿನ ವಾಸನೆ ಅದು. ಹಾಕಿದ ಕ್ಲೋರಿನ್ ಸಾಕಾಗುತ್ತಿಲ್ಲ ಅಂತಲೂ ಅದರ ಅರ್ಥ ಇರಬಹುದು.

ಪರೀಕ್ಷೆಯ ಪುಸ್ತಕ ತೆರೆದು ನೋಡಿದೆ. ಕ್ಲೋರಿನ್ ಅಂಕಿ ಇಡೀ ತಿಂಗಳು 1.5, 1.5, 1.5. ಒಂದೇ ಪೆನ್ನು, ಒಂದೇ ಕೈಬರಹ. ಆರೋಗ್ಯ ನಿರೀಕ್ಷಕರನ್ನೂ ಕಿರಿಯ ಎಂಜಿನಿಯರನ್ನೂ ಸಂಜೆ ಐದಕ್ಕೆ ಕರೆದುಕೊಂಡು ಹೋದೆ. ಪರೀಕ್ಷೆಯ ಕಿಟ್‌ನಲ್ಲಿ ನೀರು ತುಂಬಿ ಹನಿ ಹಾಕಿದರೆ ಬಣ್ಣ ಏಳಲೇ ಇಲ್ಲ, ಅಂದರೆ ನೀರಿನಲ್ಲಿ ಕ್ಲೋರಿನ್ ಇಲ್ಲವೆಂದೇ ಲೆಕ್ಕ. ಕಟ್ಟೆಯಲ್ಲಿ ನಿಂತು ನೋಡಿದರೆ ಆಳದ ಕಡೆಯ ತಳದ ಜಾಲರಿ ಮಸುಕು ಮಸುಕು. ಕಿಟ್ ಇಲ್ಲದಿದ್ದರೂ ಈ ಜಾಲರಿ ನೋಡುವುದನ್ನು ಯಾರು ಬೇಕಾದರೂ ಮಾಡಬಹುದು. ತಳ ಕಾಣದ ಕೊಳದಲ್ಲಿ ಮುಳುಗಿದ ಮಗುವೂ ಕಾಣುವುದಿಲ್ಲ. ಅವತ್ತು ಸಂಜೆಯ ಬ್ಯಾಚ್ ನಿಲ್ಲಿಸಿದೆವು.

ಗುತ್ತಿಗೆದಾರರ ಜೊತೆ ಚಹಾ ಕುಡಿಯುತ್ತಾ ಮಾತಾಡಿದೆ. ಅವರು ಲೆಕ್ಕ ತೆಗೆದು ತೋರಿಸಿದರು. ಪಂಪಿನ ಕರೆಂಟ್ ಬಿಲ್, ಕೋಚ್‌ಗಳ ಸಂಬಳ. ಬೇಸಿಗೆ ಶಿಬಿರ ಏಪ್ರಿಲ್, ಮೇ ತಿಂಗಳಲ್ಲಿ. ಊರಿಗೆ ನೀರು ಕಡಿಮೆಯಾಗುವುದೂ ಅದೇ ತಿಂಗಳಲ್ಲಿ. 2019ರಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರಿಗೇ ರೇಷನಿಂಗ್ ಬಂದಿತ್ತು, ನೆನಪಿರಬಹುದು. ಆ ಹೊತ್ತಿಗೆ ಟ್ಯಾಂಕರ್ ನೀರೇ ಗತಿ. "ಟಿಕೆಟಿನಲ್ಲಿ ಎಂಥ ಸಿಗ್ತದೆ ಮೇಡಂ? ಕೋಚಿಂಗಿನಿಂದಲೇ ಕೊಳ ನಡೆಯುವುದು" ಎಂದರು. ಅದು ಸುಳ್ಳಲ್ಲ. ಕಳ್ಳನನ್ನು ಹಿಡಿಯುವವರ ಹಾಗೆ ಹೋದರೆ ಪುಸ್ತಕ ಮುಚ್ಚುತ್ತಾರೆ, ನಮಗೆ ಏನೂ ತಿಳಿಯುವುದಿಲ್ಲ. ಹಾಗಂತ ನಷ್ಟದ ಮಾತು ಕೇಳಿ ಜನರ ಗಂಟೆ ಬಿಟ್ಟುಕೊಡಲೂ ಬಾರದು. ಆ ಗಂಟೆಗಳು ಟೆಂಡರ್ ಹಾಕುವಾಗಲೇ ಅವರಿಗೆ ಗೊತ್ತಿದ್ದವು.

ಸಭೆಗೆ ವಿಷಯವನ್ನು ಲಿಖಿತವಾಗಿ ಕೊಟ್ಟು ಅಜೆಂಡಾದಲ್ಲೇ ಸೇರಿಸಿದೆ. ಬಾಯಿಮಾತಿನಲ್ಲಿ ಎತ್ತಿದ ವಿಷಯ ಗದ್ದಲದಲ್ಲಿ ಕರಗಿ ಹೋಗುತ್ತದೆ. ಅಜೆಂಡಾದಲ್ಲಿದ್ದರೆ ನಿರ್ಣಯ ಬರೆಯಲೇಬೇಕು. ಹಿರಿಯ ಸದಸ್ಯರೊಬ್ಬರು ವಿರೋಧಿಸಿದರು. "ಜಾಸ್ತಿ ಎಳೆದರೆ ಅವರು ಬಿಟ್ಟು ಹೋದಾರು. ಬೀಗ ಹಾಕಬೇಕಾದೀತು, ನೋಡಿ." ಅವರ ಭಯವೂ ಸರಿಯೇ. ಬೀಗ ಬಿದ್ದು ಪಾಚಿ ಕಟ್ಟಿದ ಕೊಳಗಳನ್ನು ನಾವೆಲ್ಲ ನೋಡಿದ್ದೇವೆ. ಒಂದು ಗಂಟೆ ಚರ್ಚೆಯಾಗಿ, ಕೊನೆಗೆ ಪ್ರತಿ ತಿಂಗಳು 5ನೇ ತಾರೀಕಿಗೆ ಒಂದೇ ಹಾಳೆಯ ವರದಿ ಕೊಡಬೇಕೆಂದು ನಿರ್ಣಯವಾಯಿತು. ಟಿಕೆಟಿನಲ್ಲಿ ಬಂದವರೆಷ್ಟು, ಶಾಲೆ ಮಕ್ಕಳೆಷ್ಟು, ಎರಡು ಹೊತ್ತಿನ ನೀರಿನ ಅಂಕಿ, ಬಂದ ದೂರು, ಕೊಳ ಮುಚ್ಚಿದ ದಿನಗಳು. ಇಷ್ಟೇ. ದಪ್ಪ ವರದಿ ಕೇಳಿದರೆ ಯಾರೂ ಓದುವುದಿಲ್ಲ. ಮೀಸಲು ಗಂಟೆಗಳನ್ನು ಗೇಟಿನಲ್ಲಿ ದೊಡ್ಡ ಬೋರ್ಡಿನಲ್ಲಿ ಬರೆಸಿದೆವು. ಇದರಿಂದ ಆದಷ್ಟು ಪ್ರಯೋಜನ ಬೇರೆ ಯಾವುದರಿಂದಲೂ ಆಗಲಿಲ್ಲ. ಬೋರ್ಡ್ ನೋಡಿದ ಜನ ತಾವೇ ಕೇಳತೊಡಗಿದರು.

ಸದಸ್ಯರಲ್ಲದವರಿಗೂ ದಾರಿ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಕರಾರು ಪತ್ರದ ಪ್ರತಿ ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ಮೊದಲು ಕರಾರು ಪತ್ರ ಮಾತ್ರ ಕೇಳಿ. ಅದನ್ನು ಓದಿದ ಮೇಲೆ ಮುಂದೆ ಏನು ಕೇಳಬೇಕು ಅಂತ ತಾನಾಗಿಯೇ ಗೊತ್ತಾಗುತ್ತದೆ.

ಆ ಹುಡುಗಿ ಈಗ ಶನಿವಾರದ ಶಾಲೆ ಗುಂಪಿನಲ್ಲಿ ಬರುತ್ತಾಳೆ. ಕಳೆದ ವಾರ ಅಡ್ಡಗಲ ದಾಟಿದಳಂತೆ, ಅವಳಮ್ಮ ಫೋನ್ ಮಾಡಿ ಹೇಳಿದರು. ನನ್ನ ಅವಧಿ ಮುಗಿದಿದೆ, ಕಚೇರಿಯಲ್ಲಿ ಈಗ ಆಡಳಿತಾಧಿಕಾರಿ ಇದ್ದಾರೆ. ಹೊಸ ಟೆಂಡರಿನ ಕರಡು ತಯಾರಾಗುತ್ತಿದೆ. ವರದಿ ತಡವಾದರೆ ದಿನಕ್ಕೆ ಇಷ್ಟು ದಂಡ ಎಂಬ ಸಾಲು ನಮ್ಮ ಮನವಿಯ ಮೇಲೆ ಅದರಲ್ಲಿ ಸೇರಿದೆ. ಮೊತ್ತದ ಜಾಗ ಇನ್ನೂ ಖಾಲಿ ಇದೆ. ಸೋಮವಾರ ಅದನ್ನು ಕೇಳಲು ಮತ್ತೆ ಕಚೇರಿಗೆ ಹೋಗುತ್ತಿದ್ದೇನೆ.