ಚೌಕಾಬಾರದ ಕಾಯಿ ಎರಡು ಮನೆಯಲ್ಲಿ ಕೂತಾಗ

ಮಂಡ್ಯದ ಹತ್ತಿರ ನಮ್ಮೂರ ಮನೆಯ ಜಗಲಿ ಕಲ್ಲಿನ ಮೇಲೆ ಚೌಕಾಬಾರದ 25 ಮನೆಗಳನ್ನು ಯಾರೋ ಹಿರಿಯರು ಕೆತ್ತಿದ್ದಾರೆ. ಕ್ವಾಂಟಮ್ ಕಂಪ್ಯೂಟಿಂಗ್ ಕಲಿಯೋಕೆ ಶುರು ಮಾಡಿದೆ. ಅಲ್ಲಿ ಒಂದು ಕಣ, ಅಳೆದು ನೋಡೋವರೆಗೆ, ಎರಡು ಸ್ಥಿತಿಯಲ್ಲಿ ಒಟ್ಟಿಗೇ ಇರಬಹುದು. ಆಮೇಲೆ ಆ ಕಲ್ಲು ಕಂಡಾಗಲೆಲ್ಲ ಒಂದೇ ಯೋಚನೆ: ಒಂದು ಕಾಯಿ ಎರಡು ಮನೆಯಲ್ಲಿ ಒಟ್ಟಿಗೇ ಕೂತರೆ? ಅಲನ್ ಗಾಫ್ ಎನ್ನುವವರು 2006ರಲ್ಲೇ ಟಿಕ್-ಟ್ಯಾಕ್-ಟೋಗೆ ಹೀಗೆ ಮಾಡಿದ್ದರು. ಹೊಸ ಹೊಸ ಆಟದ ಹಾಸು ಬರೆಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ಸೀಮೆಯಲ್ಲಿ ನಾನೂ ಒಂದು ಕೈ ನೋಡೋಣ ಅಂದುಕೊಂಡೆ.

ಒಂದು ಕಾಯಿಗೆ ಒಂದೇ ಬಳೆಯ ಎರಡು ಚೂರು. ಮೂರು ಬಿದ್ದರೆ ಕಾಯಿ ನಡೆಸಬಹುದು, ಇಲ್ಲ ಒಡೆಯಬಹುದು: ಒಂದು ಚೂರು ಇದ್ದಲ್ಲೇ, ಇನ್ನೊಂದು ಮೂರು ಮನೆ ಮುಂದೆ. ಎದುರಾಳಿ ಒಂದು ಚೂರಿನ ಮೇಲೆ ಬಂದರೆ, ಕಾಯಿ ಯಾವ ಮನೆಯಲ್ಲಿದೆ ಅಂತ 'ನೋಡಬೇಕು'. ಮೊದಲು ಒಂದು ಕವಡೆ ಎಸೆದು ತೀರ್ಮಾನಿಸುತ್ತಿದ್ದೆವು. ನಮ್ಮ ಕವಡೆ ಬೋರಲು ಬೀಳೋದೇ ಜಾಸ್ತಿ, ಹಾಗಾಗಿ ನಾಣ್ಯಕ್ಕೆ ಬಂದೆವು.

ಎರಡಾಟ ಆಡಿದ ಅಜ್ಜಿ ಕೇಳಿದರು: "ಮುಷ್ಟೀಲಿ ಹುಣಸೆ ಬೀಜ ಮುಚ್ಕೊಂಡು ಯಾವ ಕೈ ಅಂತ ಕೇಳ್ತೀವಲ್ಲ, ಇದೂ ಅದೇ ಅಲ್ವೇನ್ಲಾ?"

ಹೌದು, ಅದೇ! ನಾನು ಮಾಡಿದ್ದು ಬರೀ ಅದೃಷ್ಟದಾಟ, ಕ್ವಾಂಟಮ್ ಅಲ್ಲ.

ರಾತ್ರಿ ಲ್ಯಾಪ್‌ಟಾಪಿನಲ್ಲಿ ಕಿಸ್ಕಿಟ್ ಅನ್ನೋ ಕ್ವಾಂಟಮ್ ತಂತ್ರಾಂಶ ತೆರೆದು, ಸೊನ್ನೆಯಲ್ಲಿದ್ದ ಒಂದು ಕ್ಯೂಬಿಟ್‌ಗೆ (ಸೊನ್ನೆ, ಒಂದು ಎರಡರಲ್ಲೂ ಒಟ್ಟಿಗೇ ಇರಬಲ್ಲ ಬಿಟ್) ಅದನ್ನು ಹಾಗೆ ಎರಡಾಗಿ ಒಡೆಯುವ ಹ್ಯಾಡಮಾರ್ಡ್ ಗೇಟನ್ನು ಎರಡು ಸಲ ಹಾಕಿದೆ. 1000 ಸಲ ಓಡಿಸಿದರೆ 1000 ಸಲವೂ ಸೊನ್ನೆ. ನಡುವೆ ಒಮ್ಮೆ ಅಳೆದರೆ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕರ್ಧ. ಎರಡು ಸಲ ನಾಣ್ಯ ಚಿಮ್ಮಿದರೆ ಹೀಗೆ ಮೊದಲಿದ್ದ ಕಡೆಗೇ ಖಚಿತವಾಗಿ ಬರಲ್ಲ. ಯಾರೂ ನೋಡದಿದ್ದರೆ ಒಡೆದದ್ದು ಮತ್ತೆ ಕೂಡುತ್ತದೆ. ನನ್ನ ಆಟದಲ್ಲಿ ಇಲ್ಲದ್ದು ಇದೇ.

ಆದರೆ ಕೂಡಿ ಹಿಂದಿನ ಮನೆಗೇ ಬಂದರೆ ಒಡೆದು ಏನು ಲಾಭ? ಅದಕ್ಕೆ ನಡುವೆ ಒಂದು ಚೂರಿನ ಚಿಹ್ನೆಯನ್ನು ಪ್ಲಸ್‌ನಿಂದ ಮೈನಸ್‌ಗೆ ತಿರುಗಿಸುವ Z ಗೇಟು ಬೇಕಾಯಿತು. ಆಗ ಇಡೀ ಕಾಯಿ ಮುಂದಿನ ಚೂರಿನ ಮನೆಗೆ ಹೋಗುತ್ತದೆ, ಅದೂ ಖಚಿತವಾಗಿ. ಹೊಸ ನಿಯಮ ಹೀಗಾಯಿತು: ಚೌಕವೋ ಬಾರವೋ ಬಿದ್ದರೆ ಚೂರುಗಳನ್ನು ಕೂಡಿಸಬಹುದು. ಮುಂದಿನ ಚೂರು ಇಂಟು ಗುರುತಿನ ಮನೆಯಲ್ಲಿದ್ದರೆ (ಅದೇ ನನ್ನ Z ಗೇಟು) ಕಾಯಿ ಮುಂದಕ್ಕೆ, ಇಲ್ಲದಿದ್ದರೆ ಹಿಂದಕ್ಕೆ.

ಇದು ಅಜ್ಜಿಗೆ ನನಗಿಂತ ಬೇಗ ಹಿಡಿಯಿತು. ಒಂದು ಚೂರನ್ನು ಇಂಟು ಮನೆಯಲ್ಲಿ ಕೂರಿಸಿ, ಇನ್ನೊಂದರ ಹತ್ತಿರ ನಾನು ಸುಳಿಯದ ಹಾಗೆ ಬೇರೆ ಕಾಯಿ ಬಿಟ್ಟು ಆಸೆ ತೋರಿಸಿದರು. ಅದನ್ನು ಹೊಡೆಯೋಕೆ ಹೋದೆ. ಅವರಿಗೆ ಬಾರ ಬಿತ್ತು.

ಎರಡು ಕಾಯಿ ಹೆಣೆದುಕೊಳ್ಳುವ, ಅಂದರೆ ಒಂದನ್ನು ನೋಡಿದರೆ ಇನ್ನೊಂದರದ್ದೂ ತೀರ್ಮಾನವಾಗುವ ನಿಯಮ ಇನ್ನೂ ಕೂಡಿಬಂದಿಲ್ಲ. ಚೂರುಗಳಿಗೆ ದಾರ ಕಟ್ಟಿ ನೋಡಿದೆ. ಎರಡನೇ ಸುತ್ತಿಗೇ ಗಂಟು ಬಿತ್ತು.